ಗೊರಗೊರ ಸದ್ದಿನ ವಿಳಾಸ

ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಕಣ್ಣಿಗಿಂತ ಕಿವಿಯೇ ಬೇಕು. ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿದ್ದಿರುವ ಕಾಯಿಯ ನೀರು ಒಳಗೊಳಗೇ ಇಂಗುತ್ತದೆ. ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಉರುಳುತ್ತದೆ. ನೀರು ಕುಲುಕುವ ಸದ್ದು ಬಂದರೆ ಇನ್ನೂ ಕಾಯಬೇಕು. ಎಳನೀರಿನ ಗೊನೆಗೆ ಬೆರಳಿನಿಂದ ತಟ್ಟಿ ನೋಡುವವರೂ ಇದೇ ಸೀಮೆಯವರು. ತುರುವೇಕೆರೆಯಲ್ಲಾಗಲಿ ಚಿಕ್ಕನಾಯಕನಹಳ್ಳಿಯಲ್ಲಾಗಲಿ ತೋಟದವರಿಗೆ ಈ ವಿದ್ಯೆಯನ್ನು ಯಾರೂ ಕೂತು ಹೇಳಿಕೊಟ್ಟದ್ದಿಲ್ಲ. ಸದ್ದೂ ಒಂದು ಸುದ್ದಿಯೇ ಎಂಬುದು ಇಲ್ಲಿನ ಮಕ್ಕಳಿಗೆ ಬೇಗ ತಿಳಿದುಬಿಡುತ್ತದೆ.

ನನ್ನ ತಾಯಿಯ ಅಣ್ಣ, ನಮ್ಮ ದೊಡ್ಡ ಮಾಮು, ಈ ಕಿವಿಯ ವಿದ್ಯೆಯನ್ನು ಲಾರಿಗೆ ತೆಗೆದುಕೊಂಡು ಹೋದವರು. ಸುಮಾರು ಮೂವತ್ತು ವರ್ಷ ತಿಪಟೂರಿನಿಂದ ಉತ್ತರ ಭಾರತದ ಪೇಟೆಗಳಿಗೆ ಉಂಡೆ ಕೊಬ್ಬರಿ ಸಾಗಿಸಿದರು. ಎಂಜಿನ್ನಿನ ಸದ್ದಿನಲ್ಲಿ ಒಂದು ಎಳೆ ತಪ್ಪಿದರೂ ಅವರಿಗೆ ಗೊತ್ತಾಗುತ್ತಿತ್ತು. ‘ಹಿಂದಿನ ಎಡಗಡೆ ಚಕ್ರ ಏನೋ ಹೇಳ್ತಾ ಇದೆ’ ಎಂದು ನಡುರಾತ್ರಿಯಲ್ಲಿ ಲಾರಿ ನಿಲ್ಲಿಸಿ ಇಳಿಯುತ್ತಿದ್ದರಂತೆ. ಆ ಲಾರಿಯಲ್ಲಿ ಒಂದು ರೇಡಿಯೊ ಇತ್ತು. ಊರು ಬಿಟ್ಟು ತುಮಕೂರು ದಾಟುವವರೆಗೆ ಬೆಂಗಳೂರು ಆಕಾಶವಾಣಿ, ಮುಂದೆ ಹೋದಂತೆ ಯಾವ ಸೀಮೆಯೋ ಆ ಸೀಮೆಯ ಕೇಂದ್ರ, ರಾತ್ರಿಯಾದ ಮೇಲೆ ದೆಹಲಿಯ ಉರ್ದು ಸರ್ವಿಸ್. ಹಗಲು ಕೇಳಿಸದ ದೂರದ ಕೇಂದ್ರಗಳು ರಾತ್ರಿ ಮಾತ್ರ ಮೀಡಿಯಂ ವೇವ್‌ನಲ್ಲಿ ಹೇಗೆ ಬರುತ್ತವೆಂದು ಬಾಲ್ಯದಲ್ಲಿ ನಾನು ಕೇಳಿದರೆ, ‘ರಾತ್ರಿ ಆಕಾಶಕ್ಕೆ ಸೂರು ಹಾಕ್ತಾರೆ’ ಎನ್ನುತ್ತಿದ್ದರು. ಹಗಲಿನಲ್ಲಿ ಅಲೆಗಳನ್ನು ಹೀರಿಕೊಳ್ಳುವ ವಾತಾವರಣದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ, ಆಗ ಮೇಲಿನ ಪದರಕ್ಕೆ ತಾಗಿ ಅಲೆಗಳು ದೂರದ ನೆಲಕ್ಕೆ ವಾಪಸು ಬರುತ್ತವೆ ಎಂದು ಮುಂದೆ ಓದಿದಾಗ, ಮಾಮುವಿನ ಸೂರು ತಪ್ಪು ಉಪಮೆಯೇನಲ್ಲ ಅನಿಸಿತು.

2018ರ ಹೊತ್ತಿಗೆ ಮಾಮುವಿಗೆ ಎಪ್ಪತ್ತು ದಾಟಿತ್ತು. ಲಾರಿ ಬಿಟ್ಟು ಬಹಳ ಕಾಲವಾಗಿತ್ತು. ಕಿವಿ ಮಂದವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಮಾತು ಕಡಿಮೆಯಾಗಿತ್ತು. ಮನೆಯಲ್ಲಿ ನಾಲ್ಕು ಜನ ಸೇರಿದರೆ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ‘ಅಬ್ಬಾಗೆ ಈಗೀಗ ಯಾರೂ ಬೇಡ’ ಎಂದು ಅವರ ಮಕ್ಕಳು ನೊಂದುಕೊಳ್ಳುತ್ತಿದ್ದರು. ತಿಂಗಳಿಗೆ ಎರಡು ಸಲ ನಾನು ಅವರನ್ನು ನನ್ನ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ಚಿಕ್ಕನಾಯಕನಹಳ್ಳಿಯ ಮಗಳ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ತಿಪಟೂರು ಬಿಟ್ಟು ಕಿಬ್ಬನಹಳ್ಳಿ ಕ್ರಾಸ್, ಅಲ್ಲಿಂದ ಎಡಕ್ಕೆ ತಿರುಗಿದರೆ ದಾರಿಯುದ್ದಕ್ಕೂ ತೆಂಗು. ಆ ಒಂದು ಗಂಟೆಯ ದಾರಿಯಲ್ಲಿ ಅವರು ಕೈಚಾಚಿ ರೇಡಿಯೊ ಹಾಕುತ್ತಿದ್ದರು. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಎಲ್ಲಿದೆಯೆಂದು ನೋಡದೆಯೇ ಅವರ ಬೆರಳಿಗೆ ಗೊತ್ತಿತ್ತು. ಕೇಂದ್ರ ಸಿಗುತ್ತಿತ್ತು, ಜೊತೆಗೆ ಗೊರಗೊರ ಸದ್ದೂ ಸಿಗುತ್ತಿತ್ತು. ಅವರು ದನಿ ಏರಿಸುತ್ತಿದ್ದರು, ಗೊರಗೊರವೂ ಅಷ್ಟೇ ಏರುತ್ತಿತ್ತು. ಕೊನೆಗೆ ‘ಕಿತ್ತಾ ಶೋರ್ ಹೈ ಬಾ’ ಎಂದು ಆರಿಸಿ ಕಿಟಕಿಯ ಕಡೆ ಮುಖ ಮಾಡುತ್ತಿದ್ದರು. ಲಾರಿಯಲ್ಲಿ ಇಷ್ಟು ಗಲಾಟೆ ಇರಲಿಲ್ಲ ಎಂದು ಒಮ್ಮೆ ಹೇಳಿದರು. ಮಗಳ ಮನೆಯಲ್ಲಿ ಅದನ್ನು ಮುದುಕರ ಮಾತೆಂದು ಎಲ್ಲರೂ ನಕ್ಕರು. ಹಳೆಯ ಕಾಲದ್ದೆಲ್ಲ ಚೆಂದವೇ ಅಲ್ಲವೇ?

ಉರ್ದುವಿನ ಶೋರ್ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ಗದ್ದಲ, ಇನ್ನೊಂದು ಉಪ್ಪು. ಉಪ್ಪು ಹತ್ತಿದ ನೆಲವೂ ಶೋರ್, ನಮ್ಮ ರೈತರ ಬಾಯಲ್ಲಿ ಅದು ಚೌಳು. ಉರ್ದು ಶಾಲೆಯಲ್ಲಿ ಈ ಎರಡು ಅರ್ಥಗಳನ್ನು ಉರು ಹೊಡೆದಾಗ ಅವೆರಡಕ್ಕೂ ಏನು ಸಂಬಂಧವೆಂದು ನನಗೆ ತೋಚಿರಲಿಲ್ಲ. ವ್ಯಾನಿನಲ್ಲಿ ಕೂತು ಯೋಚಿಸಿದಾಗ ಒಂದು ಸಂಬಂಧ ಕಂಡಿತು. ಚೌಳು ನೆಲಕ್ಕೆ ಬರೀ ನೀರು ಹಾಯಿಸುತ್ತಾ ಹೋದರೆ ಅದು ಸರಿಹೋಗುವುದಿಲ್ಲ. ನೀರು ಹೆಚ್ಚಾದಷ್ಟೂ ಅಡಿಯ ಉಪ್ಪು ಮೇಲಕ್ಕೆ ಬರುತ್ತದೆ. ಅದಕ್ಕೆ ಬಸಿಗಾಲುವೆ ತೆಗೆಯಬೇಕು, ಉಪ್ಪು ಹೊರಗೆ ಹರಿದುಹೋಗಲು ದಾರಿ ಮಾಡಬೇಕು. ಗದ್ದಲದ ರೇಡಿಯೊಗೆ ದನಿ ಏರಿಸುವುದೂ ಚೌಳಿಗೆ ನೀರು ಹಾಯಿಸಿದಂತೆ. ಮಾತೂ ಏರುತ್ತದೆ, ಗದ್ದಲವೂ ಏರುತ್ತದೆ. ಅವೆರಡರ ನಡುವಿನ ಪ್ರಮಾಣ ಇದ್ದಲ್ಲೇ ಇರುತ್ತದೆ. ಕೇಳುವವನಿಗೆ ಬೇಕಾದದ್ದು ಆ ಪ್ರಮಾಣ.

ತಿಪಟೂರಿನ ಪೇಟೆಯ ಒಂದು ಸಂದಿಯಲ್ಲಿ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ರೇಡಿಯೊ ತರುವವರು ನಿಂತುಹೋದ ಮೇಲೆ ಮಿಕ್ಸಿ, ಸ್ಟೆಬಿಲೈಜರ್ ನೋಡಿಕೊಂಡಿದ್ದರು. ವ್ಯಾನು ತಂದು ಅಂಗಡಿಯ ಮುಂದೆ ನಿಲ್ಲಿಸಿದೆ. ಅವರು ರೇಡಿಯೊ ಬಿಚ್ಚುತ್ತಾರೆಂದು ನಾನು ಅಂದುಕೊಂಡಿದ್ದರೆ, ಅವರು ಕೀ ಕೇಳಿದರು. ‘ಮೊದ್ಲು ಎಲ್ಲಿಂದ ಬತ್ತೈತೆ ಅಂತ ವಿಳಾಸ ಗೊತ್ತಾಗ್ಲಿ ಸಾ, ಆಮೇಲೆ ಪಾನಾ ಹಿಡಿಯಾನ’ ಎಂದರು.

ಅವರು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಯಾರ ವಾಹನಕ್ಕಾದರೂ ಈ ಕ್ರಮ ಸಲ್ಲುತ್ತದೆ. ಮೊದಲು ಎಂಜಿನ್ ಆರಿಸಿ, ರೇಡಿಯೊ ಮಾತ್ರ ಹಾಕಿ ಕೇಳಿದರು. ಕೇಂದ್ರ ಸ್ವಲ್ಪ ಸಣ್ಣಗೆ, ಆದರೆ ತಿಳಿಯಾಗಿ ಬಂತು. ಅಂದರೆ ಹೆಚ್ಚಿನ ಗದ್ದಲ ಹೊರಗಿನದಲ್ಲ, ಮನೆಯದೇ. ಆಮೇಲೆ ಎಂಜಿನ್ ಚಾಲೂ ಮಾಡಿ ಎರಡು ಕೇಂದ್ರಗಳ ನಡುವಿನ ಖಾಲಿ ಜಾಗಕ್ಕೆ ಮುಳ್ಳು ತಂದು ಆಕ್ಸಿಲರೇಟರ್ ಒತ್ತಿದರು. ಟಕಟಕ ಎಂಬ ಸದ್ದೊಂದು ಎಂಜಿನ್ನಿನ ವೇಗದ ಜೊತೆಗೇ ಓಡಿತು. ಅದರ ಹಿಂದೆ ಸೊಳ್ಳೆಯ ಹಾಗೆ ಸುಂಯ್ ಎನ್ನುವ ಇನ್ನೊಂದು ಸದ್ದು, ವೇಗ ಏರಿದಂತೆ ಅದರ ಶ್ರುತಿಯೂ ಏರಿತು. ಆಮೇಲೆ ವೈಪರ್, ಇಂಡಿಕೇಟರ್, ಹಾರ್ನ್, ಫ್ಯಾನ್ ಒಂದೊಂದನ್ನೇ ಹಾಕಿ ಆರಿಸಿದರು. ಸಿಗರೇಟ್ ಲೈಟರಿನ ತೂತಿಗೆ ನಾನು ಸಿಕ್ಕಿಸಿದ್ದ ಮೊಬೈಲ್ ಚಾರ್ಜರನ್ನು ಕಿತ್ತಾಗ ಗೊರಗೊರದ ಒಂದು ಪದರವೇ ಎದ್ದುಹೋಯಿತು. ಕೊನೆಗೆ ರೇಡಿಯೊದ ಹಿಂದಿನಿಂದ ಆಂಟೆನಾದ ತಂತಿ ಎಳೆದರು. ಟಕಟಕ ನಿಂತಿತು, ಸುಂಯ್ ನಿಲ್ಲಲಿಲ್ಲ. ಟಕಟಕ ಗಾಳಿಯಲ್ಲಿ ಬಂದು ಆಂಟೆನಾದ ಮೂಲಕ ಒಳಗೆ ಬರುತ್ತಿದೆ, ಸುಂಯ್ ವಿದ್ಯುತ್ ತಂತಿಯಲ್ಲೇ ಹರಿದು ಬರುತ್ತಿದೆ ಎಂದರು. ಒಂದೇ ಗೊರಗೊರ ಎಂದು ನಾವು ಕರೆಯುತ್ತಿದ್ದದ್ದು ಮೂರು ಬೇರೆ ಬೇರೆ ಮನೆಗಳಿಂದ ಬಂದ ಮೂರು ಸದ್ದುಗಳಾಗಿದ್ದವು.

ಟಕಟಕದ ಮೂಲ ಸ್ಪಾರ್ಕ್ ಪ್ಲಗ್. ಪೆಟ್ರೋಲ್ ಎಂಜಿನ್ ನಡೆಯುವುದೇ ಕಿಡಿಯಿಂದ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿಗಳು ಹಾರುತ್ತವೆ. ಕಿಡಿಯೆಂದರೆ ಏನು? ಜಗತ್ತಿನ ಮೊದಲ ರೇಡಿಯೊ ಕೇಂದ್ರಗಳೆಲ್ಲ ಕಿಡಿಯ ಕೇಂದ್ರಗಳೇ. ಜರ್ಮನಿಯಲ್ಲಿ ಹರ್ಟ್ಸ್ ಅಲೆಗಳನ್ನು ತೋರಿಸಿಕೊಟ್ಟದ್ದು ಕಿಡಿಯಿಂದ, 1895ರಲ್ಲಿ ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳನ್ನು ದಾಟಿಸಿ ಗಂಟೆ ಬಾರಿಸಿದ್ದು ಕಿಡಿಯ ಅಲೆಯಿಂದ, ಮಾರ್ಕೋನಿ ಸಮುದ್ರ ದಾಟಿಸಿದ್ದೂ ಕಿಡಿಯನ್ನೇ. ಹಾಗಾಗಿ ಪ್ರತಿಯೊಂದು ಪೆಟ್ರೋಲ್ ವಾಹನದ ಬಾನೆಟ್ಟಿನ ಕೆಳಗೆ ಹಳೆಯ ಕಾಲದ ಪುಟ್ಟ ಪ್ರಸಾರ ಕೇಂದ್ರವೊಂದು ಕೂತಿದೆ. ಅದಕ್ಕೆ ನಿಗದಿತ ಕಂಪನಾಂಕವಿಲ್ಲ, ಎಲ್ಲ ಕಡೆಯೂ ಹರಡುತ್ತದೆ. ಬೆಂಗಳೂರು ತಿಪಟೂರಿಗೆ ಸುಮಾರು 140 ಕಿಲೋಮೀಟರ್ ದೂರ, ಈ ಪುಟ್ಟ ಕೇಂದ್ರ ಆಂಟೆನಾದಿಂದ ಎರಡು ಮೊಳ ದೂರ. ಯಾರ ಮಾತು ಮೊದಲು ಕಿವಿಗೆ ಬೀಳುತ್ತದೆ ಹೇಳಿ.

ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಅಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಿಂದಲೇ ಎಣ್ಣೆಗೆ ಬೆಂಕಿ ಹತ್ತಿಸುತ್ತಾರೆ. ಇದನ್ನು ಅಂಗಡಿಯ ಹಿರಿಯರು ಹೇಳಿದಾಗ ನನಗೆ ಮಾಮು ನೆನಪಾದರು. ಲಾರಿಯಲ್ಲಿ ಇಷ್ಟು ಗಲಾಟೆ ಇರಲಿಲ್ಲ ಎಂದಿದ್ದರಲ್ಲ, ಅದು ಹಳೆಯ ಕಾಲದ ಹಂಬಲವಾಗಿರಲಿಲ್ಲ. ಲಾರಿಯ ಎಂಜಿನ್ ಕಿವಿಗೆ ಎಷ್ಟೇ ಆರ್ಭಟಿಸಿದರೂ ರೇಡಿಯೊಗೆ ಅದು ಮೌನಿ. ಮಂದವಾದ ಆ ಕಿವಿ ಮೂವತ್ತು ವರ್ಷದ ಹಿಂದಿನ ವ್ಯತ್ಯಾಸವನ್ನು ಸರಿಯಾಗಿ ಹಿಡಿದಿಟ್ಟುಕೊಂಡಿತ್ತು. ವಯಸ್ಸಾದವರ ದೂರುಗಳಲ್ಲಿ ಎಷ್ಟೊಂದು ಹೀಗೆ ನಗೆಯಲ್ಲಿ ಹೋಗುತ್ತವೆಯೋ.

ಮದ್ದುಗಳು ದೊಡ್ಡವಲ್ಲ. ಒಳಗೇ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್‌ಗಳು ಸಿಗುತ್ತವೆ. ಹೆಚ್ಚಿನವುಗಳ ಸಂಖ್ಯೆಯ ನಡುವೆ ಆರ್ ಅಕ್ಷರ ಇರುತ್ತದೆ. ಸುಮಾರು 5,000 ಓಮ್‌ನ ಆ ತಡೆ ಕಿಡಿಯನ್ನು ಕೊಲ್ಲುವುದಿಲ್ಲ, ಕಿಡಿಯ ಕಿರುಚಾಟವನ್ನು ಮಾತ್ರ ಅಡಗಿಸುತ್ತದೆ. ನಮ್ಮ ವ್ಯಾನಿಗೆ ಯಾರೋ ಸಾದಾ ಪ್ಲಗ್ ಹಾಕಿದ್ದರು, ಪ್ಲಗ್ಗಿನ ಒಂದು ತಂತಿಯ ಮೈ ಬಿರುಕು ಬಿಟ್ಟಿತ್ತು. ಅವೆರಡನ್ನೂ ಬದಲಾಯಿಸಿದರು. ಸುಂಯ್ ಸದ್ದು ಆಲ್ಟರ್ನೇಟರಿನದು. ಅದು ಹುಟ್ಟಿಸುವ ಕರೆಂಟು ನೇರವಾಗಿ ಕಂಡರೂ ಅದರ ಮೈಮೇಲೆ ಸಣ್ಣ ಅಲೆಗಳಿರುತ್ತವೆ. ರೇಡಿಯೊದ ತಂತಿಯನ್ನು ಹತ್ತಿರ ಕಂಡ ಇನ್ಯಾವುದೋ ತಂತಿಗೆ ಗಂಟು ಹಾಕಿದ್ದರು. ಅದನ್ನು ಬಿಡಿಸಿ, ನೇರವಾಗಿ ಬ್ಯಾಟರಿಯಿಂದ ಬೇರೆ ತಂತಿ ಎಳೆದು, ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿದರು. ಅಷ್ಟು ದೊಡ್ಡ ಬ್ಯಾಟರಿಯೇ ಅಲೆಗಳನ್ನು ನುಂಗುವ ಕೆರೆಯಂತೆ. ಉಳಿದದ್ದಕ್ಕೆ ಆಲ್ಟರ್ನೇಟರಿನ ಹೊರಹರಿವಿನ ತುದಿಗೆ ಒಂದು ಕಂಡೆನ್ಸರ್. ಫೀಲ್ಡ್ ತುದಿಗೆ ಮಾತ್ರ ಅದನ್ನು ಹಾಕಬಾರದು, ರೆಗ್ಯುಲೇಟರ್ ಕೆಡುತ್ತದೆ ಎಂದು ಎರಡು ಸಲ ಎಚ್ಚರಿಸಿದರು.

ಆಮೇಲೆ ಅವರು ಹೆಣೆದ ತಾಮ್ರದ ಚಪ್ಪಟೆ ಪಟ್ಟಿ ತೆಗೆದರು. ಬಾನೆಟ್ಟಿನಿಂದ ಬಾಡಿಗೆ ಒಂದು, ಎಂಜಿನ್ನಿನಿಂದ ಚಾಸಿಗೆ ಒಂದು, ಸೈಲೆನ್ಸರ್ ಪೈಪಿನಿಂದ ಚಾಸಿಗೆ ಒಂದು. ಬಣ್ಣ ಕೆರೆದು, ತುಕ್ಕು ಉಜ್ಜಿ, ಬರಿಯ ಲೋಹಕ್ಕೆ ಬಿಗಿದರು. ಬಾನೆಟ್ಟು ಕೀಲುಗಳ ಗ್ರೀಸಿನ ಮೇಲೆ ಕೂತಿರುತ್ತದೆ, ಎಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ಕಣ್ಣಿಗೆ ಎಲ್ಲ ಒಂದೇ ಕಬ್ಬಿಣವಾಗಿ ಕಂಡರೂ ವಿದ್ಯುತ್ತಿಗೆ ಅವು ಬೇರೆ ಬೇರೆ ದ್ವೀಪಗಳು. ಒಂದೊಂದು ದ್ವೀಪವೂ ಗದ್ದಲವನ್ನು ಹಿಡಿದು ಮತ್ತೆ ಹರಡುತ್ತದೆ. ಪಟ್ಟಿ ಗಿಡ್ಡವಾಗಿರಬೇಕು, ಅಗಲವಾಗಿರಬೇಕು. ನನಗೆ ತಕ್ಷಣ ಹೊಳೆದದ್ದು ಬಸಿಗಾಲುವೆ. ಆಂಟೆನಾದ ಬುಡದಲ್ಲೂ ತುಕ್ಕು. ಅಲ್ಲಿ ಕೇಬಲ್ಲಿನ ಹೊರಕವಚ ಬಾಡಿಗೆ ತಾಗದೆ ನೇತಾಡುತ್ತಿತ್ತು. ಕವಚ ಬಾಡಿಯನ್ನು ಹಿಡಿದರೆ ಮಾತ್ರ ಅದು ಕವಚ, ಇಲ್ಲದಿದ್ದರೆ ಅದೂ ಒಂದು ಆಂಟೆನಾ. ಆಂಟೆನಾದ ತುದಿಯ ಪುಟ್ಟ ಗುಂಡನ್ನು ತೋರಿಸಿ, ಇದು ಅಲಂಕಾರಕ್ಕಲ್ಲ ಎಂದರು. ಚೂಪಾದ ತುದಿಯಿಂದ ವಿದ್ಯುತ್ತು ಗಾಳಿಗೆ ಸೋರಿ ಸಿಡಿಮಿಡಿ ಎನ್ನುತ್ತದೆ, ದುಂಡು ತುದಿಯಿಂದ ಅದು ಸುಲಭವಾಗಿ ಸೋರುವುದಿಲ್ಲ. ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ಸಮಯ ಮಾತ್ರ ಒಂದು ಇಡೀ ದಿನ ಹಿಡಿಯಿತು.

ಎಫ್‌ಎಂ ಹಾಕಿಕೊಂಡರೆ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಎಫ್‌ಎಂಗೆ ಪೇಟೆಂಟ್ ಪಡೆದದ್ದು ಈ ಗೊರಗೊರವನ್ನು ಗೆಲ್ಲುವುದಕ್ಕೇ. ಎಎಂ ಪದ್ಧತಿಯಲ್ಲಿ ದನಿಯನ್ನು ಅಲೆಯ ಎತ್ತರದಲ್ಲಿ ಬರೆದಿರುತ್ತಾರೆ. ಕಿಡಿಯೂ ಸಿಡಿಲೂ ಕೈ ಹಾಕುವುದು ಆ ಎತ್ತರಕ್ಕೇ. ಎಫ್‌ಎಂನಲ್ಲಿ ದನಿಯನ್ನು ಕಂಪನಾಂಕದ ಏರಿಳಿತದಲ್ಲಿ ಬರೆಯುವುದರಿಂದ ಎತ್ತರವನ್ನು ಕತ್ತರಿಸಿ ಎಸೆದರೂ ಮಾತು ಉಳಿಯುತ್ತದೆ. ಆದರೆ ಎಫ್‌ಎಂ ಅಲೆ ಬಹಳ ದೂರ ಹೋಗುವುದಿಲ್ಲ. ಮೀಡಿಯಂ ವೇವ್ ನೆಲ ಹಿಡಿದು ನಡೆದು ಹಳ್ಳಿ ಹಳ್ಳಿ ಮುಟ್ಟುತ್ತದೆ. ಮಾಮುವಿಗೆ ಬೇಕಾಗಿದ್ದದ್ದು ಹಾಡಲ್ಲ, ಪ್ರದೇಶ ಸಮಾಚಾರ ಮತ್ತು ಕೃಷಿರಂಗ. ಕೊಬ್ಬರಿಯ ಧಾರಣೆಯ ಮಾತು ಬಂದರೆ ಲಾರಿ ಬಿಟ್ಟು ಎಷ್ಟು ವರ್ಷವಾಗಿದ್ದರೂ ಅವರು ಸೆಟೆದು ಕೂರುತ್ತಿದ್ದರು.

ಲಾರಿಯವರು ರೇಡಿಯೊದಲ್ಲಿ ಕೇಳುವುದಷ್ಟೇ ಅಲ್ಲದೆ ಪರಸ್ಪರ ಮಾತಾಡಿಕೊಳ್ಳುವ ದೇಶಗಳೂ ಇವೆ. ಅಮೆರಿಕದಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್ ಸುತ್ತಿನ ಅಲೆಗಳನ್ನು ಸಿಬಿ, ಅಂದರೆ ಸಿಟಿಜನ್ಸ್ ಬ್ಯಾಂಡ್ ಎಂದು ಸಾಮಾನ್ಯರಿಗೆ ಬಿಟ್ಟರು. 1973ರ ತೈಲ ಬಿಕ್ಕಟ್ಟಿನ ನಂತರ ಎಲ್ಲಿ ಡೀಸೆಲ್ ಇದೆ, ಎಲ್ಲಿ ಪೊಲೀಸರಿದ್ದಾರೆ ಎಂದು ಲಾರಿಯಿಂದ ಲಾರಿಗೆ ಹೇಳಿಕೊಳ್ಳಲು ಅದು ಮನೆಮಾತಾಯಿತು, 1977ರಲ್ಲಿ ಚಾನೆಲ್‌ಗಳನ್ನು 23ರಿಂದ 40ಕ್ಕೆ ಏರಿಸಬೇಕಾಯಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2005ರಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ 5 ವ್ಯಾಟ್ ಮೀರದ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ಅಷ್ಟರಲ್ಲಿ ಡ್ರೈವರುಗಳ ಜೇಬಿಗೆ ಮೊಬೈಲ್ ಬಂದಾಗಿತ್ತು. ಮಾಮುವಿನ ಕಾಲದವರಿಗೆ ಹೆಡ್‌ಲೈಟು, ಹಾರ್ನು, ಢಾಬಾದವನ ಬಾಯಿ, ಇವೇ ಸಿಬಿ. ಸಿಬಿ ಸೆಟ್ಟುಗಳ ದನಿ ಹೆಚ್ಚಾಗಿ ಎಎಂ ಆದ್ದರಿಂದ ಅವುಗಳ ಗೊರಗೊರಕ್ಕೂ ಇದೇ ವಿಳಾಸ, ಇದೇ ಮದ್ದು. ಆ ಸೆಟ್ಟುಗಳಲ್ಲಿ ಸ್ಕ್ವೆಲ್ಚ್ ಎಂಬ ಒಂದು ತಿರುಗಣೆ ಇರುತ್ತದೆ. ಅದನ್ನು ತಿರುಗಿಸಿದರೆ ಸದ್ದು ಒಮ್ಮೆಗೇ ನಿಂತು ನೆಮ್ಮದಿಯಾಗುತ್ತದೆ. ನಿಜವಾಗಿ ಅದು ಗದ್ದಲವನ್ನು ಕಡಿಮೆ ಮಾಡುವುದಿಲ್ಲ, ಕಿವಿಯ ಬಾಗಿಲು ಹಾಕುತ್ತದೆ ಅಷ್ಟೇ. ದೂರದ ಸಣ್ಣ ದನಿಯೊಂದು ಕರೆಯುತ್ತಿದ್ದರೆ ಅದೂ ಬಾಗಿಲ ಹೊರಗೇ ಉಳಿಯುತ್ತದೆ. ಮಾಮು ಎದ್ದು ಹಿತ್ತಲಿಗೆ ಹೋಗುತ್ತಿದ್ದದ್ದು ಬಹುಶಃ ಅವರ ಸ್ಕ್ವೆಲ್ಚ್.

ರಿಪೇರಿಯ ನಂತರದ ಮೊದಲ ಪಯಣದಲ್ಲಿ ವ್ಯಾನಿನ ಒಳಗಿನ ಗದ್ದಲ ಇಳಿದಿತ್ತು. ಆಗ ಹೊರಗಿನದು ಕೇಳಿಸತೊಡಗಿತು. ಕಿಬ್ಬನಹಳ್ಳಿ ಕ್ರಾಸ್ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಒಂದು ತೋಟದ ಬಳಿ ಬುರ್ರ್ ಎಂಬ ಸದ್ದು ಎದ್ದು, ನೂರಿನ್ನೂರು ಮಾರು ಜೊತೆಗೆ ಬಂದು, ಹಿಂದೆ ಉಳಿಯಿತು. ವಾಪಸು ಬರುವಾಗಲೂ ಅದೇ ಜಾಗದಲ್ಲಿ ಅದೇ ಸದ್ದು. ‘ಗಾಡಿ ನಿಲ್ಲಿಸು’ ಎಂದರು ಮಾಮು. ಎಂಜಿನ್ ಆರಿಸಿದರೂ ಸದ್ದು ಹೋಗಲಿಲ್ಲ. ಇಳಿದು ನೋಡಿದರೆ, ತೋಟದ ಅಂಚಿನ ಎತ್ತರದ ಮರವೊಂದರ ಗರಿ ಗಾಳಿಗೆ ತೂಗಿ ತೂಗಿ ಕರೆಂಟ್ ತಂತಿಯನ್ನು ಸವರುತ್ತಿತ್ತು. ಗರಿಯ ತುದಿ ಕಪ್ಪಾಗಿತ್ತು. ಹೀಗೆ ತಂತಿಗೆ ಗರಿ ತಾಗಿದಾಗ, ಪಿಂಗಾಣಿ ಕಪ್ಪು ಬಿರಿದಾಗ, ಕಂಬದ ಮೊಳೆ ಸಡಿಲಾದಾಗ ಕಣ್ಣಿಗೆ ಕಾಣದ ಸಣ್ಣ ಕಿಡಿಗಳು ಹಾರುತ್ತಿರುತ್ತವೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಆ ಕಿಡಿ ಸೆಕೆಂಡಿಗೆ 100 ಸಲ ಮೇಲೆದ್ದು ಬುರ್ರ್ ಎನ್ನುತ್ತದೆ. ತೋಟದವರಿಗೆ ಹೇಳಿದೆವು, ಅವರು ಲೈನ್‌ಮನ್‌ಗೆ ಹೇಳಿದರು. ಲೈನು ಆಫ್ ಮಾಡಿಸಿ ಗರಿ ಕಡಿದರು. ತೆಂಗಿನ ತೋಟದಲ್ಲಿ ತಂತಿಗೆ ತಾಗುವ ಹಸಿ ಗರಿ ಎಷ್ಟು ಜನರ ಜೀವ ತೆಗೆಯಬಲ್ಲದೆಂಬುದು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಗೊರಗೊರವನ್ನು ಬೈದು ರೇಡಿಯೊ ಆರಿಸಿದ್ದರೆ ಆ ಸುದ್ದಿ ಸಿಗುತ್ತಿರಲಿಲ್ಲ.

ಕೆಲವು ಸದ್ದುಗಳಿಗೆ ಮದ್ದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಹುಳಿಯಾರಿನ ಕಡೆ ಮೋಡ ಕಟ್ಟಿದರೆ, ಗುಡುಗು ಕೇಳಿಸುವ ಮೊದಲೇ ಮೀಡಿಯಂ ವೇವ್‌ನಲ್ಲಿ ಚಟ್ ಚಟಾರ್ ಎಂದು ಮಿಂಚು ಕೇಳಿಸುತ್ತದೆ. ಮರದಡಿಯಿಂದ ಮನೆ ಸೇರುವುದಕ್ಕೆ ಅದೂ ಒಂದು ಸೂಚನೆ. ಇನ್ನೂ ದೂರದಿಂದ ಬರುವ ಸದ್ದೂ ಇದೆ. ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರಿಗೆ ಸಾಗರದಾಚೆಗಿನ ಟೆಲಿಫೋನಿನ ಗೊರಗೊರ ಎಲ್ಲಿಂದ ಬರುತ್ತದೆಂದು ಹುಡುಕುವ ಕೆಲಸ ಕೊಟ್ಟಿದ್ದರು. ಫೋರ್ಡ್ ಕಾರಿನ ಹಳೆಯ ಚಕ್ರಗಳ ಮೇಲೆ ದೊಡ್ಡದೊಂದು ಆಂಟೆನಾ ಕೂರಿಸಿ ತಿರುಗಿಸುತ್ತಾ ಅವನು ಸದ್ದುಗಳನ್ನು ಮೂರು ಪಾಲು ಮಾಡಿದ. ಹತ್ತಿರದ ಸಿಡಿಲು, ದೂರದ ಸಿಡಿಲು, ಮತ್ತು ಎಲ್ಲಿಂದಲೋ ಬರುವ ಒಂದು ಸಣ್ಣ ಸೊಂಯ್ ಸದ್ದು. ಮೂರನೆಯದು ದಿನವೂ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು, ನಕ್ಷತ್ರಗಳು ಹುಟ್ಟುವ ಹಾಗೆ. 1933ರಲ್ಲಿ ಅವನು ಅದರ ವಿಳಾಸ ಪ್ರಕಟಿಸಿದ: ಆಕಾಶಗಂಗೆ. ರೇಡಿಯೊ ಖಗೋಳವಿಜ್ಞಾನ ಹುಟ್ಟಿದ್ದು ಹಾಗೆ. ಅವನು ಕೇಳಿದ್ದು 20.5 ಮೆಗಾಹರ್ಟ್ಸ್‌ನಲ್ಲಿ, ಸಿಬಿಯ ನೆರೆಮನೆಯಲ್ಲಿ. ನಮ್ಮದೇ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಇಂಥ ಸದ್ದನ್ನೇ ಕೇಳಿಸಿಕೊಂಡಿತು. ಒಬ್ಬರಿಗೆ ಗೊರಗೊರವಾದದ್ದು ಇನ್ನೊಬ್ಬರಿಗೆ ಗ್ರಂಥ.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಮಾಮು ವ್ಯಾನಿನಲ್ಲಿ ಮಾತಾಡಲು ಶುರು ಮಾಡಿದ್ದರು. ಸಮಾಚಾರ ಮುಗಿದ ಮೇಲೆ ರೇಡಿಯೊ ಆರಿಸಿ, ಕೇಳಿದ್ದರ ಬಗ್ಗೆ ತಮ್ಮ ಅಭಿಪ್ರಾಯ ಹೇಳುತ್ತಿದ್ದರು. ನಾನು ಹೇಳಿದ್ದೂ ಅವರಿಗೆ ಕೇಳಿಸುತ್ತಿತ್ತು, ಕೂಗಬೇಕಾಗಿರಲಿಲ್ಲ. ವ್ಯಾನಿನಲ್ಲಿ ಕೇಳಿಸುವ ಕಿವಿಗೆ ಮನೆಯಲ್ಲಿ ಏಕೆ ಕೇಳಿಸುವುದಿಲ್ಲ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಅವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅದೇ ರಸ್ತೆ ಕ್ರಾಸಿನಿಂದ ಆಚೆಗೆ ತುರುವೇಕೆರೆ, ನಾಗಮಂಗಲ ದಾಟಿ ಮೈಸೂರಿಗೆ ಹೋಗುತ್ತದೆ. ಪರೀಕ್ಷೆ ಮಾಡಿದವರು ಹೇಳಿದ್ದು ಇಷ್ಟು. ವಯಸ್ಸಾದ ಕಿವಿಯಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು. ಎಂಜಿನ್ನಿನ ಪಕ್ಕ ಮೂವತ್ತು ವರ್ಷ ಕೂತಿದ್ದರ ಪಾಲೂ ಅದರಲ್ಲಿರುತ್ತದೆ. ಅ, ಆ, ಓ ಎಂಬ ಸ್ವರಗಳು ಕೇಳಿಸುತ್ತವೆ, ಸ, ಶ, ತ, ಪ ಎಂಬ ವ್ಯಂಜನಗಳು ಜಾರಿಹೋಗುತ್ತವೆ. ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕೂಗಿದರೆ ಸ್ವರಗಳು ಇನ್ನಷ್ಟು ದೊಡ್ಡದಾಗುತ್ತವೆ, ವ್ಯಂಜನಗಳು ಅಲ್ಲೇ ಉಳಿಯುತ್ತವೆ, ಜೊತೆಗೆ ಕೂಗುವವರ ಮುಖ ಸಿಟ್ಟಿನ ಮುಖವಾಗಿ ಕಾಣುತ್ತದೆ. ಮಿಕ್ಸಿ, ಟಿವಿ, ನಾಲ್ಕು ಜನರ ಮಾತು ಒಟ್ಟಿಗಿದ್ದರೆ ಅಂಥ ಕಿವಿಗೆ ಎಲ್ಲ ಸೇರಿ ಒಂದೇ ಗೊರಗೊರ. ಯಂತ್ರ ಕೊಟ್ಟರು. ಯಂತ್ರದ ಜೊತೆಗೆ, ಎದುರು ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ, ಒಬ್ಬೊಬ್ಬರೇ ಮಾತಾಡಿ, ಅದಕ್ಕೆ ಮೊದಲು ಬೇರೆ ಸದ್ದುಗಳನ್ನು ಆರಿಸಿ ಎಂದರು. ಅಂಗಡಿಯ ಹಿರಿಯರು ಪಾನಾ ಹಿಡಿಯುವ ಮೊದಲು ಹೇಳಿದ ಮಾತಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ವಾಹನಗಳು ಈಗ ಬೇರೆಯಾಗುತ್ತಿವೆ. ವಿದ್ಯುತ್ ಕಾರುಗಳಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಆದರೆ ಮೋಟಾರಿಗೆ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುವ ಇನ್‌ವರ್ಟರ್‌ಗಳು ಎಎಂ ಅಲೆಗಳ ಮೇಲೇ ಗದ್ದಲ ಎಬ್ಬಿಸುತ್ತವೆ. ಅದನ್ನು ಅಡಗಿಸುವ ಖರ್ಚಿಗಿಂತ ಎಎಂ ರೇಡಿಯೊವನ್ನೇ ತೆಗೆದುಹಾಕುವುದು ಸುಲಭವೆಂದು ಹಲವು ಕಂಪನಿಗಳು ತೆಗೆದವು. ಅಮೆರಿಕದಲ್ಲಿ 2023ರಲ್ಲಿ ಇದು ಸಂಸತ್ತಿನ ಮೆಟ್ಟಿಲು ಹತ್ತಿತು. ಬಿರುಗಾಳಿ, ಪ್ರವಾಹಗಳ ಕಾಲದಲ್ಲಿ ಮೊಬೈಲ್ ಸತ್ತಾಗ ದೂರದವರೆಗೆ ಮುಟ್ಟುವುದು ಎಎಂ ಒಂದೇ, ಪ್ರತಿ ವಾಹನದಲ್ಲೂ ಅದು ಇರಬೇಕು ಎಂದು ಎರಡೂ ಪಕ್ಷಗಳವರು ಸೇರಿ ಮಸೂದೆ ತಂದರು. ಗದ್ದಲ ಮಾಡುವವನನ್ನು ಬಿಟ್ಟು ಕೇಳುವವನನ್ನು ಹೊರಗೆ ಕಳಿಸುವ ಈ ಏರ್ಪಾಡು ಕಾರಿನಲ್ಲಿ ಮಾತ್ರ ನಡೆಯುವಂಥದ್ದಲ್ಲ.

ಮಾಮುವಿನ ಮಗಳ ಮನೆಯಲ್ಲಿ ಈಗ ಒಂದು ಪದ್ಧತಿ ಬಂದಿದೆ. ಅವರು ಬಂದು ಕೂತರೆ ಮೊಮ್ಮಗಳು ಮೊದಲು ಹೋಗಿ ಟಿವಿ ಆರಿಸುತ್ತಾಳೆ, ಆಮೇಲೆ ನೀರು ತರುತ್ತಾಳೆ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಟಿವಿ ಆರಿದ ಮೇಲೆ ಫ್ಯಾನಿನ ಕಟಕಟ ಕೇಳಿಸುತ್ತದೆ. ಮಾಮು ಮೇಲೆ ನೋಡಿ, ಅದರ ಬೇರಿಂಗಿಗೆ ಎಣ್ಣೆ ಬೇಕು ಎನ್ನುತ್ತಾರೆ. ಆ ಮನೆಯಲ್ಲಿ ಅದು ಇನ್ಯಾರಿಗೂ ಕೇಳಿಸಿರುವುದಿಲ್ಲ.